ಡಿಜೆ ಡಬ್ಬಿ ಮತ್ತು ಕಳಚಿದ ತಂತಿ

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಸ್ಪೀಕರುಗಳಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಗಡಿಯಾರ ಇದ್ದುದರಿಂದ. ಹತ್ತೂವರೆಗೆ ಹಾಡು ಹಾಕುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದೆ, ಹಾಗಾಗಿ ಸದ್ದು ಕೇಳಿದ ಕೂಡಲೇ ನಾನು ನೋಡಿದ್ದು ಅದನ್ನೇ. ಹತ್ತು ಐವತ್ತೆರಡಕ್ಕೆ ನನ್ನ ಗೆಳೆಯನ ಬಲಗೈ ಮೈಕಿಗೆ ಕಚ್ಚಿಕೊಂಡಿತು. ನಡುವಿನ ನಲವತ್ತೇಳು ನಿಮಿಷಗಳಲ್ಲಿ ಯಾವ ನಿಮಿಷದಲ್ಲಿ ಬೇಕಾದರೂ ನಾನು ಅದನ್ನು ತಪ್ಪಿಸಬಹುದಿತ್ತು.

ಅಂದು ಹುತ್ತೂರಿನಲ್ಲಿ ರೇಷ್ಮೆ ಬೆಳೆಯುವ ಕುಟುಂಬವೊಂದರ ಗೃಹಪ್ರವೇಶ. ಸೌಂಡ್ ಸೆಟ್ ನನ್ನ ಗೆಳೆಯನದು. ಹಾಡು ಬೆರೆಸುವ ಡಿಜೆ ಡಬ್ಬಿ ನನ್ನದು. ಅವನಿಗೆ ಅದು ಕಸುಬು, ನನಗೆ ಹವ್ಯಾಸ. ಆ ದಿನ ನಡೆದದ್ದಕ್ಕೆ ಸುತ್ತಲ ಊರೆಲ್ಲ ಅವನನ್ನು ದೂರಿತು. ದೂರಬೇಕಾಗಿದ್ದುದು ನನ್ನನ್ನು.

ನಾವಿಬ್ಬರೂ ತೊಂಬತ್ತರ ದಶಕದ ನಡುವಿನಲ್ಲಿ ಕೋಲಾರದಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಅವನದು ಬೈರಕೂರಿನ ಕಡೆ. ಮನೆಯಲ್ಲಿ ಟೊಮೆಟೊ, ಮಾವು, ಜೊತೆಗೆ ಅಪ್ಪನ ಮೈಕ್ ಸೆಟ್. ನಾನು ಮುಳಬಾಗಿಲಿನವನು, ನಮ್ಮ ಮನೆಯ ಗಂಡಸರು ಪೂಜೆ ಮಾಡುತ್ತಿದ್ದರು, ಇಲ್ಲವೇ ಅಂಗಡಿಗಳ ಲೆಕ್ಕ ಬರೆಯುತ್ತಿದ್ದರು. ಹಾಸ್ಟೆಲ್ ಕೋಣೆಯಲ್ಲಿ ಎರಡು ಟೇಪ್ ರೆಕಾರ್ಡರ್ ಪಕ್ಕ ಪಕ್ಕ ಇಟ್ಟುಕೊಂಡು ಒಂದು ಹಾಡಿನ ತಾಳ ಮುಗಿಯುವ ಕಡೆ ಇನ್ನೊಂದು ಹಾಡಿನ ತಾಳವನ್ನು ಕೂಡಿಸುವ ಆಟ ನಮ್ಮನ್ನು ಹತ್ತಿರ ತಂದಿತು. ಹತ್ತು ಸಲ ಮಾಡಿದರೆ ಒಂದು ಸಲ ಕೂಡುತ್ತಿತ್ತು. ಕೂಡಿದ ದಿನ ಇಬ್ಬರೂ ಮೆಸ್ಸಿನಲ್ಲಿ ಒಂದು ಮುದ್ದೆ ಹೆಚ್ಚು ತಿನ್ನುತ್ತಿದ್ದೆವು. ಅವನು ಭೌತಶಾಸ್ತ್ರದಲ್ಲಿ ಫೇಲಾಗಿ ಊರಿಗೆ ಹೋದ. ನಾನು ಅದೇ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ ಮುಗಿಸಿ ಮುಳಬಾಗಿಲಿನ ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರಾದೆ.

"ಫಿಸಿಕ್ಸ್ ನಿಂಗೆ, ಕರೆಂಟ್ ನಂಗೆ. ಇಬ್ರಿಗೂ ಸಮಪಾಲು ಕಣೋ," ಎನ್ನುತ್ತಿದ್ದ.

ಅವನ ಅಪ್ಪ ತೀರಿಕೊಂಡ ಮೇಲೆ ಸೆಟ್ಟು ಅವನ ಕೈಗೆ ಬಂತು. ಅಪ್ಪ ಕಲಿಸಿದ ಒಂದು ಕ್ರಮವನ್ನು ಅವನು ಎಂದೂ ಬಿಟ್ಟವನಲ್ಲ. ಯಾವ ಊರಿಗೆ ಹೋಗಲಿ, ಆಂಪ್ಲಿಫೈಯರ್ ಇಳಿಸುವ ಮೊದಲು ಮೂರಡಿ ಕಬ್ಬಿಣದ ಗೂಟವನ್ನು ನೆಲಕ್ಕೆ ಹೊಡೆಯುತ್ತಿದ್ದ. ಬುಡಕ್ಕೆ ಒಂದು ಹಿಡಿ ಕಲ್ಲುಪ್ಪು, ಒಂದು ಬಿಂದಿಗೆ ನೀರು. ಆಮೇಲೆ ಆಂಪ್ಲಿಫೈಯರಿನ ಮೈಯಿಂದ ಗೂಟಕ್ಕೆ ಒಂದು ಹಸಿರು ತಂತಿ. ಹಳ್ಳಿ ಮನೆಗಳ ಸ್ವಿಚ್ ಬೋರ್ಡನ್ನು ಅವನು ನಂಬುತ್ತಿರಲಿಲ್ಲ. "ಈ ಮನೆಗಳಾಗೆ ಮೂರನೇ ತೂತು ಇರ್ತದೆ, ಅದರ ಹಿಂದೆ ಏನೂ ಇರಲ್ಲ. ಶೋಗೆ ಇಟ್ಟಿರ್ತಾರೆ," ಎಂದು ನಗುತ್ತಿದ್ದ. ಪ್ಲಗ್ಗಿನ ದಪ್ಪ ಪಿನ್ನು ಹೋಗುವ ತೂತು ಅದು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದನ್ನು ಭೂಮಿಗೆ ಒಯ್ಯಬೇಕಾದದ್ದು. ನಾನು ಒಂಬತ್ತನೇ ತರಗತಿಗೆ ಇದನ್ನು ಚಿತ್ರ ಬರೆದು ಪಾಠ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿರಬೇಕು. ಹಾಡುಗಳೆಲ್ಲ ಕಂಪ್ಯೂಟರಿಗೆ ಬಂದಿದ್ದವು. ಎರಡು ಚಕ್ರ, ನಡುವೆ ಜಾರುವ ಒಂದು ಗುಂಡಿ ಇರುವ ಡಬ್ಬಿಯನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿದರೆ, ನಾವು ಹಾಸ್ಟೆಲಿನಲ್ಲಿ ಪಟ್ಟ ಪಾಡನ್ನೆಲ್ಲ ಬೆರಳ ತುದಿಯಲ್ಲಿ ಮಾಡಬಹುದೆಂದು ಗೊತ್ತಾದ ದಿನದಿಂದ ನನಗೆ ಅದರದೇ ಧ್ಯಾನ. ಭಾನುವಾರಗಳಲ್ಲಿ ಕೋಲಾರದ ಸೈಬರ್ ಅಂಗಡಿಗೆ ಹೋಗಿ ಕೂತು, ಜಗತ್ತಿನ ಯಾವ್ಯಾವುದೋ ಮೂಲೆಯ ಹವ್ಯಾಸಿಗಳು ಬರೆದದ್ದನ್ನು ಓದಿ ನೋಟ್ ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಮೊದಲ ಡಬ್ಬಿ ದುಬಾರಿಯದಾಗಿರಬೇಕಿಲ್ಲ, ಆದರೆ ಸೌಂಡ್ ಕಾರ್ಡ್ ಒಳಗೇ ಇರಬೇಕು. ಧ್ವನಿ ಎರಡು ದಾರಿಯಲ್ಲಿ ಹೊರಬರಬೇಕು. ಒಂದು ಜನಕ್ಕೆ, ಇನ್ನೊಂದು ಹೆಡ್‌ಫೋನಿಗೆ. ಮುಂದಿನ ಹಾಡನ್ನು ಒಂದೇ ಕಿವಿಯಲ್ಲಿ ಗುಟ್ಟಾಗಿ ಕೇಳಿಕೊಳ್ಳಲಾಗದಿದ್ದರೆ ಅದು ಡಬ್ಬಿಯೇ ಅಲ್ಲ. ಚಕ್ರ ಚಿಕ್ಕದಿದ್ದರೆ ಚಿಂತೆಯಿಲ್ಲ, ಆದರೆ ಜಾರು ಗುಂಡಿ ಸಡಿಲವಿರಬಾರದು. ಮೈಕಿಗೆ ಒಂದು ಕಿಂಡಿ ಇದ್ದರೆ ಒಳ್ಳೆಯದು. ಹೀಗೆ ಎಂಟು ಪುಟ. ಕರೆಂಟು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಬರೆದವರ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ತಂತಿ ಇದ್ದಿರಬೇಕು.

ಕೊನೆಗೆ ಮೂರು ಉಳಿದವು. ಒಂದು ತೀರಾ ಅಗ್ಗದ್ದು, ಬರೀ ಗುಂಡಿಗಳು, ಸೌಂಡ್ ಕಾರ್ಡ್ ಇಲ್ಲ. ಎರಡನೆಯದು ಪ್ಲಾಸ್ಟಿಕ್ ಮೈಯದು, ಎರಡು ದಾರಿ ಇತ್ತು, ಮೈಕ್ ಕಿಂಡಿ ಇರಲಿಲ್ಲ. ಮೂರನೆಯದು ಯಾರೋ ಬಳಸಿ ಮಾರಿದ್ದು. ಮೇಲ್ಮೈಗೆ ಲೋಹದ ತಗಡು, ಮೈಕ್ ಕಿಂಡಿಯೂ ಇತ್ತು.

ನಾವಿಬ್ಬರೂ ಮಾಲೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬೆಂಗಳೂರಿಗೆ ರೈಲು ಹತ್ತಿದೆವು. ಅಂಗಡಿಯಲ್ಲಿ ಗೆಳೆಯ ಎರಡನೆಯದನ್ನು ಎತ್ತಿ ತಿರುಗಿಸಿ ನೋಡಿದ.

"ಇದ್ನ ತಗೋ ಮೇಷ್ಟ್ರೇ. ಕೆಳಗೆ ಬಿದ್ರೂ ಎದ್ದೇಳ್ತದೆ."

"ನೋಡೋಕೆ ಆಟದ ಸಾಮಾನ್ ಥರ ಇದೆ ಕಣೋ."

"ನೀನು ಆಡೋಕೆ ತಾನೇ ತಗೊಳ್ಳೋದು? ಮದ್ವೆ ಮಾಡ್ಕೊಳ್ಳೋಕಾ?"

"ಇದಕ್ಕೆ ಮೈಕ್ ಹಾಕಕ್ಕಾಗಲ್ಲ."

"ಮೈಕ್ ನನ್ ಹತ್ರ ಇಲ್ವೇನ್ಲಾ? ನನ್ ಮೈಕ್ ನನ್ ಆಂಪ್ಲಿಫೈಯರ್‌ಗೆ ಹೋಗ್ತದೆ. ನಿನ್ ಡಬ್ಬಿ ಯಾಕೆ ಮಧ್ಯ?"

ನಾನು ಲೋಹದ್ದನ್ನೇ ಆರಿಸಿದೆ. ತಣ್ಣಗಿದ್ದ ಆ ತಗಡಿನ ಮೇಲೆ ಕೈ ಇಟ್ಟಾಗ ನನ್ನ ಹವ್ಯಾಸಕ್ಕೆ ತೂಕ ಬಂದಂತೆ ಅನ್ನಿಸಿತು. ಬಿಲ್ಲು ಬರೆಯುವಾಗ ಅಂಗಡಿಯವನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ಡಬ್ಬಿ ತೋರಿಸಿದ. "ಸರ್, ಹಳ್ಳಿ ಕಡೆ ಅಂತೀರಿ. ಗುಂಯ್ ಅನ್ನತ್ತೆ. ನಡುವೆ ಇದನ್ನ ಹಾಕಿದ್ರೆ ಸದ್ದು ನಿಲ್ಲತ್ತೆ." ಧ್ವನಿಯನ್ನು ಮಾತ್ರ ದಾಟಿಸಿ, ಎರಡು ಯಂತ್ರಗಳ ನಡುವೆ ತಂತಿಯ ನಂಟು ಕಡಿಯುವ ಚಿಕ್ಕ ಟ್ರಾನ್ಸ್‌ಫಾರ್ಮರ್ ಅದು. ಅದು ಏನು ಮಾಡುತ್ತದೆಂದು ಅಂಗಡಿಯವನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಒಂದು ತಿಂಗಳ ಸಂಬಳ ಆಗಲೇ ಮುಗಿದಿತ್ತು. ಬೇಡ ಎಂದೆ. ಗುಂಯ್ ಅಂದರೆ ನಾನೇ ಸರಿಮಾಡಿಕೊಳ್ಳುತ್ತೇನೆ ಎಂದೂ ಸೇರಿಸಿದೆ.

ಮೊದಲ ಸಲ ಹೊರಗೆ ನುಡಿಸಿದ್ದು ಟೇಕಲ್‌ನಲ್ಲಿ, ಒಂದು ಮದುವೆಯ ಮಧ್ಯಾಹ್ನ. ಅಲ್ಲಿ ಎಲ್ಲಕ್ಕೂ ಜನರೇಟರ್. ಯಾವ ಸದ್ದೂ ಬರಲಿಲ್ಲ. ಹಾಡಿಗೆ ಹಾಡು ಹಾಲಿಗೆ ನೀರು ಬೆರೆತಂತೆ ಬೆರೆಯಿತು. ಅವನ ಮೈಕನ್ನು ನನ್ನ ಡಬ್ಬಿಗೇ ಹಾಕಿಸಿಕೊಂಡೆ. ಅವನು ಮಾತಾಡುವಾಗ ಹಾಡನ್ನು ಮೆಲ್ಲಗೆ ಇಳಿಸಿ, ಮಾತು ಮುಗಿದ ಮೇಲೆ ಏರಿಸುವುದು ಚಂದ ಕಾಣುತ್ತಿತ್ತು. "ಪರವಾಗಿಲ್ಲ ಕಣೋ, ನಿನ್ ಸಂಬಳ ಮಣ್ಣಾಗ್ಲಿಲ್ಲ," ಎಂದ. ಆ ಮಾತಿನ ಖುಷಿಯಲ್ಲೇ ಹುತ್ತೂರಿಗೆ ಹೋದೆ.

ಹುತ್ತೂರಿನ ಮನೆ ಹೊಸದು. ಹಿಪ್ಪುನೇರಳೆ ತೋಟಕ್ಕೆ ಮುಖಮಾಡಿದ ತಾರಸಿ, ಮುಂದೆ ಆಗಷ್ಟೇ ಗಾರೆ ಹಾಕಿದ ಅಂಗಳ, ಅದರ ಮೇಲೆ ಚಪ್ಪರ. ಚಪ್ಪರದೊಳಗೆ ಯಾರೂ ಚಪ್ಪಲಿ ಹಾಕುವಂತಿರಲಿಲ್ಲ. ಗೆಳೆಯ ಎಂದಿನಂತೆ ಅಂಗಳದ ಆಚೆ ಗೂಟ ಹೊಡೆದು, ಉಪ್ಪು ನೀರು ಹಾಕಿ, ಹಸಿರು ತಂತಿ ಕಟ್ಟಿದ. ಆಂಪ್ಲಿಫೈಯರಿಗೆ ಕರೆಂಟನ್ನು ಮೀಟರಿನ ಪಕ್ಕದಿಂದ ಎರಡು ತಂತಿಯಲ್ಲಿ ನೇರವಾಗಿ ಎಳೆದು, ಜಗಲಿಯ ಬಳಿ ಒಂದು ಪ್ಲಗ್ಗಿಗೆ ಸೇರಿಸಿದ. ನನ್ನ ಕಂಪ್ಯೂಟರನ್ನು ಜಗಲಿಯ ಹೊಸ ಬೋರ್ಡಿಗೆ ಹಾಕಿದೆವು. ಹಾಲಿನಂತೆ ಬಿಳಿಯ ಬೋರ್ಡು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ.

ಹತ್ತು ಐದಕ್ಕೆ ಸ್ವಿಚ್ ಹಾಕಿದಾಗ ಗುಂಯ್ ಎಂದಿತು. ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು. ಒಳಗೆ ಕೂತಿದ್ದ ಪುರೋಹಿತರು ಹೊರಗೆ ಇಣುಕಿ, "ಏನಯ್ಯಾ ಅದು, ಮಂತ್ರಕ್ಕೆ ಶ್ರುತಿ ಕೊಡ್ತಿದ್ದೀರಾ?" ಎಂದರು. ಹೆಂಗಸರು ನಕ್ಕರು. ನನ್ನ ಮುಖ ಬಿಸಿಯಾಯಿತು.

ಪಿನ್ನುಗಳನ್ನು ಕಿತ್ತು ಹಾಕಿದೆ, ತಂತಿ ಬದಲಾಯಿಸಿದೆ. ಹೋಗಲಿಲ್ಲ. ಆಗ ನನಗೆ ಓದಿದ್ದು ನೆನಪಿಗೆ ಬಂತು. ಕಂಪ್ಯೂಟರಿಗೆ ಮನೆಯ ಬೋರ್ಡಿನ ಮೂಲಕ ಒಂದು ಅರ್ತ್, ಆಂಪ್ಲಿಫೈಯರಿಗೆ ಗೂಟದ ಮೂಲಕ ಇನ್ನೊಂದು. ಎರಡು ಅರ್ತ್ ಇದ್ದರೆ ನಡುವೆ ಸುತ್ತು ಏರ್ಪಟ್ಟು ಸದ್ದು ಬರುತ್ತದೆ. ಒಂದನ್ನು ತೆಗೆದರೆ ಸಾಕು.

"ಲೇ, ಆ ಹಸಿರು ತಂತಿ ಕಳಚು," ಎಂದೆ.

ಅವನು ನನ್ನನ್ನು ನೋಡಿದ. "ಯಾಕೋ?"

"ಆಂಪ್ಲಿಫೈಯರು ನನ್ ಡಬ್ಬಿಗೆ ಸೇರಿದೆ, ಡಬ್ಬಿ ಕಂಪ್ಯೂಟರಿಗೆ ಸೇರಿದೆ, ಕಂಪ್ಯೂಟರಿಗೆ ಮನೆ ಅರ್ತ್ ಇದೆ. ಅದೇ ಸಾಕು. ನಿಂದು ಡಬಲ್ ಆಗಿ ಸದ್ದು ಬರ್ತಿದೆ."

"ಮೂರನೇ ತೂತು ನಂಬೋದಾ?"

"ಹೊಸ ಮನೆ ಕಣೋ. ನಿಮ್ಮಪ್ಪನ ಕಾಲದ ಮನೆ ಅಲ್ಲ."

"ನಮ್ಮಪ್ಪ ಗೂಟ ಬಿಟ್ಟು ಒಂದಿನಾನೂ ಸೆಟ್ ಹಾಕ್ಲಿಲ್ಲ."

"ನಿಮ್ಮಪ್ಪ ಫಿಸಿಕ್ಸ್ ಓದಿರ್ಲಿಲ್ಲ," ಎಂದೆ. ತಮಾಷೆಗೇ ಅಂದದ್ದು. ಹತ್ತಿರ ನಿಂತಿದ್ದ ಇಬ್ಬರು ನಕ್ಕರು ಕೂಡ.

ಅವನು "ಸರಿ ಸ್ವಾಮಿ, ಡಿಗ್ರಿ ನಿಮ್ದು," ಎಂದು ಹೋಗಿ ಕಳಚಿದ. ಸದ್ದು ಕತ್ತರಿಸಿದಂತೆ ನಿಂತಿತು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಬೋರ್ಡಿನ ಹಿಂದೆ ಏನೂ ಇರಲಿಲ್ಲ. ಅರ್ತ್ ಗುಂಡಿ ತೋಡುವ ಕೆಲಸವನ್ನು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಮಾಡೋಣವೆಂದು ಮುಂದಕ್ಕೆ ಹಾಕಿದ್ದರಂತೆ. ಇದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ. ಆ ಗುಂಯ್ ಸದ್ದು ಎರಡು ಅರ್ತ್ ಇದ್ದುದರಿಂದ ಬಂದದ್ದಲ್ಲ. ಕಂಪ್ಯೂಟರಿನಿಂದ ಸೋರುವ ಅಷ್ಟಿಷ್ಟು ಕರೆಂಟು ಬೇರೆ ದಾರಿಯಿಲ್ಲದೆ ನನ್ನ ಡಬ್ಬಿಯ ತಂತಿಗಳನ್ನು ಹಾಯ್ದು ಅವನ ಗೂಟವನ್ನು ಹುಡುಕಿಕೊಂಡು ಹೋಗುತ್ತಿದ್ದುದರ ಸದ್ದು ಅದು. ಅವನ ಅಪ್ಪನ ಕಾಲದ ಆಂಪ್ಲಿಫೈಯರೂ ಒಳಗೆ ಸವೆದು ಮೈಗೆ ಕರೆಂಟು ಬಿಡುತ್ತಿತ್ತು. ಎಷ್ಟು ವರ್ಷದಿಂದಲೋ ಅದು ಯಾರಿಗೂ ತಿಳಿಯದಂತೆ ಗೂಟದಿಂದ ಮಣ್ಣಿಗೆ ಹೋಗುತ್ತಿತ್ತು. ಆಂಪ್ಲಿಫೈಯರ್, ನನ್ನ ಡಬ್ಬಿಯ ತಗಡು, ಕಂಪ್ಯೂಟರಿನ ಪೆಟ್ಟಿಗೆ, ಮೈಕು, ಎಲ್ಲವೂ ಒಂದಕ್ಕೊಂದು ಸೇರಿದ್ದವು. ಯಾವುದೂ ಭೂಮಿಗೆ ಸೇರಿರಲಿಲ್ಲ.

ನನಗೆ ಸುಳಿವು ಸಿಗಲಿಲ್ಲವೆಂದಲ್ಲ. ನಾನು ಜಮಖಾನದ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಎರಡನೇ ಹಾಡಿಗೆ ಚಕ್ರ ತಿರುಗಿಸುವಾಗ ತಗಡಿಗೆ ತಾಗಿದ ಮಣಿಕಟ್ಟಿನಲ್ಲಿ ಇರುವೆ ಹರಿದಂತೆ ಜುಮ್ ಎಂದಿತು. ಹಾಡು ಚೆನ್ನಾಗಿ ಕೂಡಿತ್ತು. ಅಂಗಳದಲ್ಲಿ ಹೆಂಗಸರು ತಲೆದೂಗುತ್ತಿದ್ದರು. ಆ ಜುಮ್ ಅನ್ನು ನಾನು ಸಂತೋಷವೆಂದುಕೊಂಡೆ. ಇದನ್ನು ಬರೆಯುವಾಗಲೂ ಕೈ ಒದರಿಕೊಳ್ಳುತ್ತಿದ್ದೇನೆ.

ಹತ್ತು ನಲವತ್ತರ ಸುಮಾರಿಗೆ ಪಂಕ್ತಿ ಹಾಕಲು ಅಂಗಳಕ್ಕೆ ನೀರು ಚಿಮುಕಿಸಿದರು. ಹೊಸ ಗಾರೆ ನೀರನ್ನು ಕುಡಿದು ಕಪ್ಪಾಯಿತು. ಗೆಳೆಯ ಅಷ್ಟು ಹೊತ್ತೂ ತೋಟದ ಕಡೆ ಕಟ್ಟಿದ್ದ ಹಾರ್ನ್ ಸ್ಪೀಕರನ್ನು ನೋಡಿಕೊಳ್ಳುತ್ತಿದ್ದ. ಮೊದಲ ಪಂಕ್ತಿಗೆ ಕರೆಯಿರೆಂದು ಮನೆಯವರು ಹೇಳಿದ್ದರಿಂದ ಬಂದ. ಬರಿಗಾಲು. ನನ್ನ ಎಡಕ್ಕೆ ನಿಂತ. ನನ್ನ ಎಡಗಿವಿಯ ಮೇಲೆ ಹೆಡ್‌ಫೋನ್ ಇತ್ತು. ಮುಂದಿನ ಹಾಡಿನ ತಾಳ ಹುಡುಕುತ್ತಿದ್ದೆ.

ಅವನು ಮೈಕನ್ನು ಬಲಗೈಯಲ್ಲಿ ಹಿಡಿದು ಎತ್ತಿದ. "ಎಲ್ರೂ" ಎಂದ. ಅಷ್ಟೇ.

ಸ್ಪೀಕರಿನಲ್ಲಿ ಕರ್‌ರ್ ಎಂದು ಸದ್ದು ಬಂತು. ನಾನು ಅವನ ಮುಖ ನೋಡಲಿಲ್ಲ. ಮೈಕಿನ ಧ್ವನಿಯನ್ನು ಇಳಿಸಿದೆ. ಸದ್ದು ಕೆಟ್ಟದಾಗಿತ್ತು, ಇಳಿಸಿದೆ. ಪ್ಲಗ್ಗುಗಳಿಗೂ ನನ್ನ ಕೈಗೂ ನಡುವೆ ನಾಲ್ಕಡಿ ಇರಲಿಲ್ಲ. ಏನು ಮಾಡಬೇಕೆಂದು ಆ ಚಪ್ಪರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ನನ್ನ ಬೆರಳು ಜಾರು ಗುಂಡಿಯ ಮೇಲೇ ಇತ್ತು. ಹಾಡು ಸ್ವಚ್ಛವಾಗಿ ಮುಂದುವರಿಯಿತು. ಅವನ ಗಂಟಲಿನಿಂದ ಬರುತ್ತಿದ್ದುದು ಯಾರಿಗೂ ಕೇಳಲಿಲ್ಲ. ನಾನು ತಲೆಯೆತ್ತಿದಾಗ ಅವನು ಮೈಕನ್ನು ಎದೆಗೆ ಅವುಚಿಕೊಂಡು, ಕತ್ತು ಹಿಂದಕ್ಕೆ ಬಾಗಿ, ಹಿಮ್ಮಡಿಯ ಮೇಲೆ ನಡುಗುತ್ತಿದ್ದ. ಅವನ ಕಣ್ಣು ನನ್ನ ಕಡೆಗಿತ್ತು. ನೋಡುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನಾನು ನಿಂತೆ. ಬರೀ ನಿಂತೆ.

ಅನ್ನದ ಕೊಪ್ಪರಿಗೆಯ ಬಳಿಯಿದ್ದ ಅಡುಗೆಯ ಹೆಂಗಸು "ಅಯ್ಯೋ, ಕರೆಂಟು ಹಿಡ್ಕೊಂಡೈತೆ!" ಎಂದು ಕೂಗಿ ಓಡಿಬಂದಳು. ಅವಳ ಕೈಯಲ್ಲಿ ಕಲಕುವ ಮರದ ಕೋಲಿತ್ತು. ಅದರಿಂದ ಅವನ ಮೊಣಕೈಗೆ ಒಂದೇ ಏಟು ಬಿಗಿದಳು. ಮೈಕು ಹಾರಿ ಬಿತ್ತು. ಅವನೂ ಬಿದ್ದ. ಅವಳು ನನ್ನ ಕಡೆ ತಿರುಗಿ, "ಏನ್ ನೋಡ್ಕೊಂಡ್ ನಿಂತಿದ್ಯೋ, ಮುಂಡೇದೆ, ಆಫ್ ಮಾಡೋ!" ಎಂದು ಬೈದಳು. ಆಗ ನಾನು ಎರಡೂ ಪ್ಲಗ್ಗು ಕಿತ್ತೆ. ಗಡಿಯಾರ ಸೇರಿ ಪರದೆ ಕಪ್ಪಾಯಿತು.

ಉಸಿರಿತ್ತು. ಟೊಮೆಟೊ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಎರಡು ಸಲ ಅವನ ಎದೆಯ ಮೇಲೆ ಕಿವಿಯಿಟ್ಟು ಕೇಳಿದೆ. ಎರಡು ಸಲವೂ ಗಾಡಿಯ ಸದ್ದೇ ಕೇಳಿಸಿತು. ಬಲ ಅಂಗೈಯ ಮಾಂಸ ಸುಟ್ಟಿತ್ತು. ತೋರುಬೆರಳೂ ನಡುಬೆರಳೂ ಒಳಕ್ಕೆ ಮಡಚಿಕೊಂಡು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಜೀವ ಉಳಿಯಿತು. ಬೆರಳುಗಳು ಇದ್ದಲ್ಲೇ ಉಳಿದವು, ಮತ್ತೆ ನೆಟ್ಟಗಾಗಲಿಲ್ಲ.

ನಾಲ್ಕನೆಯ ದಿನ ಅವನ ತಾಯಿ ಹಾಸಿಗೆಯ ಬದಿಯಲ್ಲಿ ಕೂತಿದ್ದರು. ಮನೆಯಲ್ಲಿ ತೆಲುಗು ಆಡುವವರು. "ಏಮಿ ನಾಯನಾ, ನಾ ಕೊಡುಕು ಚೆಯ್ಯಿ ಇಂತೇನಾ?" ಎಂದು ನನ್ನನ್ನು ಕೇಳಿದರು. ಮಗನ ಕೈ ಇನ್ನು ಇಷ್ಟೇನಾ ಎಂದು. ಓದಿದವನು, ನನಗೆ ಗೊತ್ತಿರುತ್ತದೆ ಎಂದುಕೊಂಡಿದ್ದರು. ಅವರು ನೀರು ತರಲು ಹೊರಗೆ ಹೋದಾಗ ಗೆಳೆಯ ಮೆಲ್ಲಗೆ ಕೇಳಿದ.

"ಲೇ, ನಂಗೆ ಹಾರ್ನ್ ಕಟ್ಟಿದ್ದು ಗ್ಯಾಪಕ ಐತೆ. ಆಮೇಲಿಂದು ಏನೂ ಇಲ್ಲ. ಹಸಿರು ತಂತಿ ಬಿಚ್ಚಿತ್ತಂತೆ. ನಾನು ಕಟ್ಟೋದು ಮರ್ತ್ನೇನೋ?"

ಅವನ ತಲೆಯಿಂದ ಆ ಬೆಳಗಿನ ಒಂದು ತುಂಡು ಉದುರಿಹೋಗಿತ್ತು. ನಾನು ಹೇಳಿದ್ದು, ಅವನು ಪ್ರತಿಯಾಡಿದ್ದು, ಅವನ ಅಪ್ಪನ ಬಗ್ಗೆ ನಾನು ಆಡಿದ್ದು, ಎಲ್ಲ.

"ಗೊತ್ತಿಲ್ಲ ಕಣೋ," ಎಂದೆ. "ನಾನು ಕಂಪ್ಯೂಟರ್ ನೋಡ್ತಿದ್ದೆ."

ಅವನು ಚಾವಣಿ ನೋಡುತ್ತಾ, "ಮರ್ತೆ ಅನ್ಸತ್ತೆ," ಎಂದ.

ಹುತ್ತೂರಿನವರು ಇನ್ನೊಮ್ಮೆ ಶಾಂತಿ ಮಾಡಿಸಿ ಹೊಸದಾಗಿ ಹಾಲುಕ್ಕಿಸಿದರು. ಅಂದು ನಕ್ಕಿದ್ದ ಇಬ್ಬರು ದೂರದ ನೆಂಟರು. ಅವರು ತಿರುಗಿ ತಮ್ಮೂರಿಗೆ ಹೋಗಿದ್ದರು. ಉಳಿದವರು ನೋಡಿದ್ದು ಬಿಚ್ಚಿದ ತಂತಿಯನ್ನು ಮಾತ್ರ. ಸೌಂಡ್ ಸೆಟ್ಟಿನವನು ಅರ್ತ್ ಕೊಡದೆ ಶುಭಕಾರ್ಯದ ಮನೆಯಲ್ಲಿ ಹೆಣ ಬೀಳಿಸುತ್ತಿದ್ದ ಎನ್ನುವ ಮಾತು ಕೋಲಾರ ದಾಟಿ ಶ್ರೀನಿವಾಸಪುರದವರೆಗೂ ಹೋಯಿತು. ಬೈರಕೂರಿನಲ್ಲಿ, ಅವನದೇ ಓಣಿಯ ನಾಮಕರಣಕ್ಕೆ ಹೊರಗಿನ ಸೆಟ್ಟು ಬಂತು. ಯಾರಾದರೂ ಕೇಳಿದರೆ ಅವನೇ, "ಹೌದು, ನಂದೇ ತಪ್ಪು, ಕಟ್ಟಿರ್ಲಿಲ್ಲ," ಎನ್ನುತ್ತಿದ್ದ. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಅವನ ಗಾಯದ ಪಟ್ಟಿ ಬದಲಾಯಿಸಲು ವಾರಕ್ಕೆ ಮೂರು ದಿನ ನಾನೇ ಕರೆದುಕೊಂಡು ಹೋಗುತ್ತಿದ್ದೆ. "ಇಂಥ ಗೆಳೆಯ ಯಾರಿಗೆ ಸಿಗ್ತಾನೆ," ಎಂದು ಅವನ ತಾಯಿ ಹೇಳುತ್ತಿದ್ದರು.

ನಿದ್ದೆ ಆಸ್ಪತ್ರೆಯ ದಿನದಿಂದಲೇ ಹೋಗಿತ್ತು. ಕಣ್ಣು ಮುಚ್ಚಿದರೆ ಹತ್ತು ಐದು, ತಂತಿ ಕಳಚು ಎನ್ನುತ್ತೇನೆ, ಜುಮ್ ಎನ್ನುತ್ತದೆ, ಧ್ವನಿ ಇಳಿಸುತ್ತೇನೆ. ಮತ್ತೆ ಹತ್ತು ಐದು. ಬೇರೆ ಡಬ್ಬಿಯೂ ಬರುತ್ತಿತ್ತು. ಆ ಪ್ಲಾಸ್ಟಿಕ್ಕಿನದನ್ನು ಆರಿಸಿದ್ದರೆ ಮೈಕ್ ಕಿಂಡಿ ಇರುತ್ತಿರಲಿಲ್ಲ. ಆ ಚಿಕ್ಕ ಟ್ರಾನ್ಸ್‌ಫಾರ್ಮರ್ ತಂದಿದ್ದರೆ ಸದ್ದೇ ಬರುತ್ತಿರಲಿಲ್ಲ, ತಂತಿಗೆ ಕೈ ಹಚ್ಚಬೇಕಿರಲಿಲ್ಲ. ಎಲ್ಲ ದಾರಿಗಳನ್ನೂ ಹತ್ತಿ ಇಳಿದು ಬೆಳಗಾಗುತ್ತಿತ್ತು. ತರಗತಿಯಲ್ಲಿ ಅರ್ತಿಂಗ್ ಪಾಠ ಬಂದಾಗ ಹುಡುಗರಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ನಿಂತೆ. ವೈದ್ಯರು ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ಎಚ್ಚರವಾಗುವ ಹೊತ್ತು ಬದಲಾಗುತ್ತಿತ್ತು, ಅಷ್ಟೇ.

ಎಂಟು ತಿಂಗಳ ಮೇಲೆ ಅವನು ಸೆಟ್ಟು ಮಾರಿದ. ಕೊಳ್ಳಲು ಮಾಲೂರಿನ ಕಡೆಯಿಂದ ಒಬ್ಬರು ಬಂದಿದ್ದರು. ಆಂಪ್ಲಿಫೈಯರನ್ನು ಗಾಡಿಗೆ ಏರಿಸುವಾಗ ನಾನು ತಡೆಯಲಾರದೆ, "ಅದರ ಟ್ರಾನ್ಸ್‌ಫಾರ್ಮರ್ ಮೈಗೆ ಲೀಕ್ ಆಗ್ತಿದೆ, ಬದಲಾಯಿಸದೆ ಹಾಕ್ಬೇಡಿ," ಎಂದೆ. ಗೆಳೆಯ ನನ್ನತ್ತ ತಿರುಗಿದ.

"ನಿಂಗೆ ಹೆಂಗೊತ್ತು?"

"ಟೆಸ್ಟರ್ ಇಟ್ಟು ನೋಡಿದ್ದೆ."

"ಯಾವಾಗ?"

"ಆಮೇಲೆ."

"ಹಂಗಾದ್ರೆ ನಂಗೆ ಯಾಕ್ ಹೇಳ್ಲಿಲ್ಲ?"

ನಾನು ಗಾಡಿಯ ಹಗ್ಗ ಬಿಗಿಯತೊಡಗಿದೆ. ಬಂದವರು ಆಂಪ್ಲಿಫೈಯರನ್ನು ಕೆಳಗಿಳಿಸಿ, ಉಳಿದದ್ದನ್ನು ಕೊಂಡುಹೋದರು. ಅವನು ಆಮೇಲೆ ಏನೂ ಕೇಳಲಿಲ್ಲ. ಆ ಸಂಜೆಯಿಂದ ನಾನು ಅವನ ಮನೆಗೆ ಹೋಗುವುದು ಕಡಿಮೆಯಾಯಿತು.

ಮುಂದಿನ ಮಾವಿನ ಕಾಲಕ್ಕೆ ಅವನು ಶ್ರೀನಿವಾಸಪುರದ ಮಂಡಿಯೊಂದರಲ್ಲಿ ಕ್ರೇಟುಗಳನ್ನು ಎಣಿಸುವ ಕೆಲಸಕ್ಕೆ ಸೇರಿದ್ದಾನೆಂದು ಕೇಳಿದೆ. ಒಂದು ಮಂಗಳವಾರ ಸ್ಕೂಲಿಗೆ ರಜೆ ಹಾಕಿ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಹಿಂದಿನ ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು, ಸೀಮೆಸುಣ್ಣದ ಪೆಟ್ಟಿಗೆ ಸಮೇತ ಕೆಳಗೆ ಬಿದ್ದಿದ್ದೆ.

ಮಂಡಿಯಲ್ಲಿ ಹುಲ್ಲಿನ ಮೇಲೆ ತೋತಾಪುರಿ ರಾಶಿ. ಮಾಗಿ ಒಡೆದ ಹಣ್ಣಿನ ಹುಳಿ ವಾಸನೆ, ನೊಣ, ಹರಾಜಿನ ಕೂಗು. ಅವನು ಪೆನ್ನನ್ನು ಎಡಗೈಯಲ್ಲಿ ಹಿಡಿದು ಪಟ್ಟಿ ಬರೆಯುತ್ತಿದ್ದ. ಅಕ್ಷರ ಒಂದನೇ ತರಗತಿಯ ಮಗುವಿನದರಂತಿತ್ತು.

"ಏನ್ಲಾ ಮೇಷ್ಟ್ರೇ, ಹಣ್ಣಿಗೆ ಬಂದ್ಯಾ?" ಎಂದ.

ನಾನು ನಿಂತಲ್ಲೇ ಹೇಳಿದೆ. ಗುಂಯ್ ಸದ್ದು ಬಂದದ್ದು, ನಾನು ತಂತಿ ಕಳಚು ಎಂದದ್ದು, ಅವನು ಬೇಡವೆಂದದ್ದು, ಅವನಪ್ಪನ ಬಗ್ಗೆ ಆಡಿದ ಮಾತು, ಕೈಗೆ ಜುಮ್ ಎಂದದ್ದು, ಮೈಕಿನ ಧ್ವನಿ ಇಳಿಸಿದ್ದು, ಆಸ್ಪತ್ರೆಯಲ್ಲಿ ಗೊತ್ತಿಲ್ಲ ಎಂದದ್ದು. ಯಾವುದನ್ನೂ ಬಿಡಲಿಲ್ಲ. ಅವನು ಬರೆಯುತ್ತಲೇ ಇದ್ದ. ಒಂದು ಗಾಡಿ ತುಂಬಿ ಹೊರಟಿತು. ಆಮೇಲೆ ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿದ.

"ಮತ್ತೊಂದ್ಸಲ ಹೇಳು. ನಮ್ಮಪ್ಪನ್ನ ಏನಂದೆ?"

ಹೇಳಿದೆ.

"ಒರೇಯ್," ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಂದೂಕಾಲ್ ವರ್ಷದಿಂದ ನಾನು ದಿನಾ ಎದ್ದು ನಮ್ಮಪ್ಪನ ಫೋಟೋ ಮುಂದೆ ನಿಂತು, ನೀನು ಹೇಳ್ಕೊಟ್ಟಿದ್ನ ಮರ್ತೆ ಕಣಪ್ಪ, ತಪ್ಪಾಯ್ತು ಅಂತಿದ್ದೀನಿ. ಕೈ ಹೋದದ್ದು ಹೋಗ್ಲಿ. ನನ್ ಮೇಲೆ ನಂಗೇ ನಂಬಿಕೆ ಹೋಯ್ತಲ್ಲೋ. ಮನೆ ಬಲ್ಬ್ ಹಾಕೋಕೂ ಹೆದ್ರಿಕೆ. ಗ್ಯಾಸ್ ಆಫ್ ಮಾಡಿದ್ನಾ ಅಂತ ಮೂರ್ ಸಲ ಎದ್ ಹೋಗಿ ನೋಡ್ತೀನಿ. ನಮ್ಮಮ್ಮ ನಿಂಗೆ ರೊಟ್ಟಿ ತಟ್ಟಿ ಕೊಡ್ತಿದ್ಲಲ್ಲೋ. ತಿಂದ್ಯಲ್ಲೋ ನೀನು!"

ಆಮೇಲೆ ಧ್ವನಿ ಏರಿತು. ತೆಲುಗಿನಲ್ಲಿ, ಕನ್ನಡದಲ್ಲಿ, ನನ್ನನ್ನು, ನನ್ನ ಡಿಗ್ರಿಯನ್ನು, ನಮ್ಮ ಮನೆಯ ಹಿರಿಯರನ್ನು, ಹಾಸ್ಟೆಲಿನಲ್ಲಿ ಅವನ ಟೇಪಿನಲ್ಲಿ ನಾನು ಕೇಳಿದ ಹಾಡುಗಳನ್ನೂ ಬಿಡದೆ ಬೈದ. ಹಮಾಲರು ಮೂಟೆ ಇಳಿಸಿ ನಿಂತು ನೋಡಿದರು. ಹರಾಜು ಕೂಗುವವನೂ ಬಾಯಿ ನಿಲ್ಲಿಸಿದ. ಅವನು ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ.

"ಹೋಗು," ಎಂದ. "ಊರಲ್ಲೆಲ್ಲ ಹೇಳು. ಇಲ್ಲಿ ಹೇಳ್ದಂಗೇ ಹೇಳು. ಹುತ್ತೂರಲ್ಲಿ ಹೇಳು, ಬೈರಕೂರಲ್ಲಿ ಹೇಳು, ನಮ್ಮಮ್ಮಂಗೆ ಹೇಳು. ಆಮೇಲೆ ನನ್ ಮುಂದೆ ಬರ್ಬೇಡ."

ಅಲ್ಲಿಂದ ನೇರ ಬೈರಕೂರಿಗೆ ಹೋಗಿ ಅವನ ತಾಯಿಗೆ ಹೇಳಿದೆ. ಅವರು ಬೈಯಲಿಲ್ಲ. ಕೇಳಿ ಮುಗಿದ ಮೇಲೆ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಹುತ್ತೂರಿಗೆ ಮರುದಿನ ಹೋಗಬೇ​ಕೆಂದುಕೊಂಡು ಸಂಜೆಯ ಬಸ್ಸಿಗೆ ಮುಳಬಾಗಿಲಿಗೆ ಬಂದೆ. ಅಮ್ಮ ಊಟಕ್ಕೆ ಕರೆದಾಗ ಹಾಸಿಗೆಯ ಮೇಲೆ ಸುಮ್ಮನೆ ಒರಗಿದ್ದೆ. ಹತ್ತು ಐದು ಬರಲೆಂದು ಕಾದೆ. ಬಂದಿತೋ ಇಲ್ಲವೋ ತಿಳಿಯದು.

ಎಚ್ಚರವಾದಾಗ ಬುಧವಾರ, ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಹಿಂದಿನ ದಿನ ಹಾಕಿದ್ದ ಅಂಗಿ ಮೈಮೇಲೆ ಹಾಗೇ ಇತ್ತು. ಸ್ಕೂಲಿನ ಹೊತ್ತು ಮೀರಿತ್ತು. ಹದಿನಾರು ತಿಂಗಳ ಮೇಲೆ ನಾನು ಒಂದು ಇಡೀ ರಾತ್ರಿ ನಿದ್ದೆ ಮಾಡಿದ್ದೆ. ಶ್ರೀನಿವಾಸಪುರದಲ್ಲಿ ಅವನು ಆ ರಾತ್ರಿ ಮಲಗಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ಉಳಿದಿರಲಿಲ್ಲ. ಮುಖ ತೊಳೆದು ಹುತ್ತೂರಿನ ಬಸ್ಸಿಗೆ ಹೊರಟೆ.